ಬಿದರಿಯ ಕಪ್ಪು, ವಿಮಾನದ ಹೊಂಬಣ್ಣ: ಪರಿವರ್ತನಾ ಲೇಪಗಳ ಪರೀಕ್ಷೆಯನ್ನು ಕುರಿತು

ಹುಮನಾಬಾದಿನ ತರಗತಿಯಲ್ಲಿ ಕಲ್ಯಾಣದ ಚಾಲುಕ್ಯರನ್ನು ಕುರಿತು ಪಾಠ ಹೇಳುತ್ತಿರುವಾಗ ಆಕಾಶದಲ್ಲಿ ತರಬೇತಿ ವಿಮಾನದ ಸದ್ದು ಕೇಳಿಬಂದು, ಒಂದೆರಡು ಕ್ಷಣ ಮಾತು ನಿಲ್ಲಿಸಬೇಕಾಗಿ ಬರುವುದು ಈ ಲೇಖಕನಿಗೆ ಅಪರೂಪದ ಅನುಭವವಲ್ಲ. ನಮ್ಮ ಜಿಲ್ಲೆಯ ಮುಖ್ಯ ಪಟ್ಟಣವಾದ ಬೀದರಿನಲ್ಲಿ ವಾಯುಪಡೆಯ ತರಬೇತಿ ನೆಲೆಯಿದೆ. ಸೂರ್ಯಕಿರಣವೆಂಬ ಪ್ರದರ್ಶನ ತಂಡವು ೧೯೯೬ರಲ್ಲಿ ರೂಪುಗೊಂಡದ್ದು ಅಲ್ಲಿಯೇ. ೨೦೧೧ರವರೆಗೆ ಆ ತಂಡವು ಹಾರಿಸಿದ ಕಿರಣ ವಿಮಾನವು ಬೆಂಗಳೂರಿನ ಹಿಂದೂಸ್ಥಾನ್ ಏರೋನಾಟಿಕ್ಸ್ ಸಂಸ್ಥೆಯಲ್ಲಿ ಸಿದ್ಧವಾಗಿ ೧೯೬೪ರಲ್ಲಿ ಮೊದಲ ಬಾರಿಗೆ ಹಾರಿದುದು. ೨೦೦೮ರಲ್ಲಿ ಬೀದರಿಗೆ ಬಂದ ಹಾಕ್ ವಿಮಾನಗಳೂ ಬಹುಮಟ್ಟಿಗೆ ಅದೇ ಸಂಸ್ಥೆಯಲ್ಲಿ ಪರವಾನಗಿಯ ಮೇಲೆ ನಿರ್ಮಿತವಾದವು. ಅದೇ ಬೀದರಿನ ಕೋಟೆಯ ಮಣ್ಣು ಬಿದರಿ ಪಾತ್ರೆಗಳಿಗೆ ಕಪ್ಪನ್ನು ಕೊಡುತ್ತದೆ. ವಿಮಾನಕ್ಕೂ ಹುಕ್ಕಾದ ಬುರುಡೆಗೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಸಂಬಂಧವಿರುವುದು ಮೈಯಲ್ಲಿ, ಎಂದರೆ ಲೋಹದ ಹೊರಮೈಯನ್ನು ರಸಾಯನದಿಂದ ಮಾರ್ಪಡಿಸುವ ಕ್ರಮದಲ್ಲಿ.

ಇತಿಹಾಸದ ಅಧ್ಯಾಪಕನಿಗೆ ಈ ಗೊಡವೆ ಹೇಗೆ ಅಂಟಿಕೊಂಡಿತೆಂಬುದನ್ನು ಮೊದಲೇ ಹೇಳಿಬಿಡುವುದು ಮೇಲು. ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆಗೆ ಊರಿಗೆ ಬಂದಿದ್ದ ಹಳೆಯ ವಿದ್ಯಾರ್ಥಿಯೊಬ್ಬನು ಮನೆಗೆ ಬಂದನು. ಅವನು ವಿಮಾನದ ಬಿಡಿಭಾಗಗಳಿಗೆ ಲೇಪ ಹಾಕುವ ಒಂದು ಕಾರ್ಖಾನೆಯಲ್ಲಿ ತಪಾಸಣೆಯ ಕೆಲಸದಲ್ಲಿದ್ದಾನೆ. ಗೀರು ಬಿದ್ದ ಭಾಗಗಳಿಗೆ ಕುಂಚದಿಂದ ಲೇಪದ ತೇಪೆ ಹಚ್ಚಿ, ‘ಪರೀಕ್ಷಿತ’ವೆಂದು ಬರೆದು, ಅದರ ಕೆಳಗೆ ಅವನು ಸಹಿ ಹಾಕಬೇಕು. ಅವನ ಪ್ರಶ್ನೆ ಇಷ್ಟೆ: “ಸರ, ತೊಟ್ಟ್ಯಾಗ ಅದ್ದಿದ ತಗಡು ಪಾಸಾಗ್ಯದ, ಖರೆ. ಬ್ರಷ್‌ಲೆ ಹಚ್ಚಿದ್ದಕ್ಕ ಸಾಕ್ಷಿ ಯಾರು?” ಸಾಕ್ಷಿಯ ಪ್ರಶ್ನೆಯೆಂದ ಮೇಲೆ ಅದು ಕೇವಲ ರಸಾಯನಶಾಸ್ತ್ರದ ಪ್ರಶ್ನೆಯಾಗಿ ಉಳಿಯಲಿಲ್ಲ.

ಲೋಹವನ್ನು ಗಾಳಿ ನೀರುಗಳಿಂದ ಕಾಪಾಡುವ ಬಗೆಗಳು ಹಲವು. ಬಸವಕಲ್ಯಾಣದ ಹೆದ್ದಾರಿಯ ಬದಿಯಲ್ಲಿ ಲಾರಿಗಳ ತುಕ್ಕನ್ನು ಉಜ್ಜಿ ಬಣ್ಣ ಹೊಡೆಯುವುದನ್ನು ನಮ್ಮ ವಿದ್ಯಾರ್ಥಿಗಳು ದಿನವೂ ನೋಡುತ್ತಾರೆ. ಅಲ್ಲಿ ಬಣ್ಣವು ಲೋಹದ ಮೇಲೆ ಕುಳಿತ ಪರಕೀಯ ಪದರ. ಒಂದು ಕಡೆ ಎದ್ದಿತೆಂದರೆ ಅದರಡಿಯಲ್ಲಿ ತುಕ್ಕು ಸದ್ದಿಲ್ಲದೆ ಹಬ್ಬುತ್ತದೆ. ಹಿತ್ತಾಳೆ ತಾಮ್ರಗಳ ಪಾತ್ರೆಗಳಿಗೆ ಕಲಾಯಿ ಹಾಕುವಾಗಲೂ ಹಾಗೆಯೇ, ತವರವೆಂಬ ಬೇರೊಂದು ಲೋಹವನ್ನು ಮೇಲೆ ಸವರುತ್ತಾರೆ. ಮೂರನೆಯ ಬಗೆಯಲ್ಲಿ ಹೊರಗಿನಿಂದ ಹೊದಿಕೆಯನ್ನು ತಂದು ಹೊದಿಸುವುದಿಲ್ಲ. ಲೋಹದ ಮೇಲ್ಮೈಯೇ ದ್ರಾವಣದೊಡನೆ ವರ್ತಿಸಿ ಬೇರೊಂದು ಸಂಯುಕ್ತವಾಗಿ ಮಾರ್ಪಡುತ್ತದೆ. ಇದನ್ನು ಪರಿವರ್ತನಾ ಲೇಪವೆನ್ನುತ್ತಾರೆ. ‘ಲೇಪ’ವೆಂಬ ಮಾತು ಇಲ್ಲಿ ರೂಢಿಯ ಮಾತು, ವಾಸ್ತವವಾಗಿ ಅದು ಲೋಹದ ಚರ್ಮವೇ ಹೌದು.

ಬಿದರಿ ಕೆಲಸವು ಇದಕ್ಕೆ ನಮ್ಮ ನೆರೆಯ ಉದಾಹರಣೆ. ೧೫ನೆಯ ಶತಮಾನದಲ್ಲಿ ಬಹಮನಿ ಸುಲ್ತಾನ ಅಹಮದ್ ಶಹನು ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ತಂದನು; ಈ ಕಸುಬಿನ ಹುಟ್ಟನ್ನು ಪರಂಪರೆಯು ಬಹಮನಿಗಳ ಕಾಲಕ್ಕೆ ಸೇರಿಸುತ್ತದೆ. ೧೮೫೧ರ ಲಂಡನ್ನಿನ ಮಹಾಪ್ರದರ್ಶನದಲ್ಲಿ ಬಿದರಿ ವಸ್ತುಗಳಿದ್ದವು. ೨೦೦೬ರಲ್ಲಿ ಇದಕ್ಕೆ ಭೌಗೋಳಿಕ ಗುರುತಿನ ಮನ್ನಣೆ ದೊರೆಯಿತು. ೨೦೨೩ರಲ್ಲಿ ಬೀದರಿನ ಶಾಹ್ ರಶೀದ್ ಅಹಮದ್ ಖಾದ್ರಿಯವರಿಗೆ ಪದ್ಮಶ್ರೀ ಬಂದಿತು. ಇವೆಲ್ಲ ವಾಚಕರಿಗೆ ತಿಳಿದಿರತಕ್ಕವೇ. ಆದರೆ ಕಸುಬಿನ ರಾಸಾಯನಿಕ ಹೂರಣವನ್ನು ಕುರಿತು ನಮ್ಮ ಇತಿಹಾಸದ ಪುಸ್ತಕಗಳು ಒಂದು ವಾಕ್ಯಕ್ಕಿಂತ ಹೆಚ್ಚು ಹೇಳುವುದಿಲ್ಲ.

ಎರಕದ ಲೋಹದಲ್ಲಿ ಬಹುಪಾಲು ಸತುವು, ತಾಮ್ರ ಅಲ್ಪ. ಹದಿನಾರು ಭಾಗ ಸತುವಿಗೆ ಒಂದು ಭಾಗ ತಾಮ್ರವೆಂಬುದು ಸಾಮಾನ್ಯವಾಗಿ ಹೇಳುವ ಲೆಕ್ಕ. ಮರಳಿನ ಅಚ್ಚಿನಲ್ಲಿ ಎರೆದು, ಉಜ್ಜಿ ನುಣುಪು ಮಾಡಿ, ಮೈಲುತುತ್ತದ ನೀರನ್ನು ಸವರಿದರೆ ತಾತ್ಕಾಲಿಕವಾದ ಒಂದು ಕಪ್ಪು ಬರುತ್ತದೆ. ಈ ಕಪ್ಪು ಚಿತ್ರದ ಗೆರೆ ಕಾಣಲೆಂದು ಮಾತ್ರ. ಗೆರೆಯನ್ನು ಉಳಿಯಿಂದ ಕೊರೆದು, ಬೆಳ್ಳಿಯ ತಂತಿಯನ್ನೋ ತಗಡನ್ನೋ ಕೂಡಿಸಿ, ಮತ್ತೆ ಉಜ್ಜುವಾಗ ಅದು ಅಳಿಸಿಹೋಗುತ್ತದೆ. ಕೊನೆಯಲ್ಲಿ ಬೀದರ ಕೋಟೆಯ ಮಣ್ಣನ್ನು ನವಸಾಗರದೊಡನೆ ನೀರಿನಲ್ಲಿ ಕಲಸಿ, ಬಿಸಿಮಾಡಿದ ಪಾತ್ರೆಗೆ ತಿಕ್ಕುತ್ತಾರೆ. ಆಗ ಸತುವಿನ ಮೈ ಸ್ಥಿರವಾಗಿ ಕಪ್ಪಾಗುತ್ತದೆ. ಬೆಳ್ಳಿಗೆ ಏನೂ ಆಗುವುದಿಲ್ಲ. ಎಣ್ಣೆ ಸವರಿದ ಮೇಲೆ ಕಪ್ಪು ಗಾಢವಾಗಿ, ಬೆಳ್ಳಿಯು ಹೊಳೆಯುತ್ತದೆ. ಬಣ್ಣ ಬಳಿದ ಪಾತ್ರೆಯಾಗಿದ್ದರೆ ಬೆಳ್ಳಿಯೂ ಕಪ್ಪಾಗಬೇಕಾಗಿತ್ತು. ಒಂದೇ ಪಾತ್ರೆಯ ಮೈಯಲ್ಲಿ ಒಂದು ಲೋಹ ಕಪ್ಪಾಗಿ ಇನ್ನೊಂದು ಬಿಳುಪಾಗಿಯೇ ಉಳಿಯುವುದು ಇದು ಪರಿವರ್ತನೆಯೆಂಬುದಕ್ಕೆ ಕಣ್ಣೆದುರಿನ ಪ್ರಮಾಣ. ಬಿದರಿ ಲೋಹವನ್ನು ಕುರಿತ ಪ್ರಯೋಗಾಲಯದ ಅಧ್ಯಯನಗಳು ಇನ್ನೊಂದು ಮಾತನ್ನೂ ತಿಳಿಸಿವೆ: ಆ ಅಲ್ಪ ತಾಮ್ರವಿಲ್ಲದೆ ಬರಿಯ ಸತುವಿಗೆ ಈ ಕಪ್ಪು ಹಿಡಿಯುವುದಿಲ್ಲ. ಎರಕದಲ್ಲಿ ತಾಮ್ರವನ್ನು ಸೇರಿಸಿದವನು ಗಟ್ಟಿತನವನ್ನು ಮಾತ್ರ ನೋಡಿರಲಿಲ್ಲ.

ಈ ಕಸುಬಿನಲ್ಲಿ ಪರೀಕ್ಷೆ ಎಲ್ಲಿದೆ? ಮಣ್ಣಿನಲ್ಲಿದೆ. ಎಲ್ಲ ಮಣ್ಣೂ ಕಪ್ಪು ಕೊಡುವುದಿಲ್ಲ. ಬಹುಕಾಲ ಬಿಸಿಲು ಮಳೆ ಕಾಣದ ಕೋಟೆಯೊಳಗಿನ ಜಾಗಗಳ ಮಣ್ಣನ್ನು ಆರಿಸುವ ಕುಶಲಕರ್ಮಿಯು ಅದನ್ನು ನಾಲಿಗೆಯ ಮೇಲಿಟ್ಟು ರುಚಿ ನೋಡುತ್ತಾನೆ. ಮಣ್ಣಿನಲ್ಲಿರುವ ಸುವರ್ಲುಪ್ಪಿನ ಜಾತಿಯ ಲವಣಗಳು ಆ ರುಚಿಗೆ ಕಾರಣವಾಗಿರುತ್ತವೆ. ಇದನ್ನು ಮೂಢಪದ್ಧತಿಯೆಂದು ನಗುವವರುಂಟು. ಆದರೆ ತರ್ಕವನ್ನು ಗಮನಿಸಬೇಕು: ಆತನು ಸಿದ್ಧವಾದ ಪಾತ್ರೆಯನ್ನು ಕೆಡಿಸಿ ಪರೀಕ್ಷಿಸುವುದಿಲ್ಲ, ಪಾತ್ರೆಗೆ ಹಾಕುವ ದ್ರವ್ಯವನ್ನು ಮುಂಚಿತವಾಗಿ ಪರೀಕ್ಷಿಸುತ್ತಾನೆ. ಚಿನ್ನವನ್ನು ಒರೆಗೆ ಹಚ್ಚುವ ಅಕ್ಕಸಾಲಿಗನಾದರೋ ವಸ್ತುವಿನದೇ ಒಂದು ಗೀರನ್ನು ತೆಗೆದುಕೊಳ್ಳುತ್ತಾನೆ. ಕಲ್ಯಾಣದಲ್ಲಿಯೇ ೧೨ನೆಯ ಶತಮಾನದಲ್ಲಿ ಆಳಿದ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ ರತ್ನಗಳ ಪರೀಕ್ಷೆಗೂ ಮೇಣದ ಅಚ್ಚಿನಲ್ಲಿ ಮೂರ್ತಿಯನ್ನು ಎರೆಯುವುದಕ್ಕೂ ಸ್ಥಾನವಿರುವುದು ಇಲ್ಲಿ ನೆನಪಿಗೆ ಬರುತ್ತದೆ. ದ್ರವ್ಯದ ಪರೀಕ್ಷೆ ಒಂದು, ಕ್ರಿಯೆಯ ಪರೀಕ್ಷೆ ಮತ್ತೊಂದು, ಸಿದ್ಧವಸ್ತುವಿನ ಪರೀಕ್ಷೆ ಇನ್ನೊಂದು. ಈ ಮೂರನ್ನು ಬೆರಸಿದಲ್ಲಿ ಗೊಂದಲವುಂಟಾಗುತ್ತದೆ. ನನ್ನ ವಿದ್ಯಾರ್ಥಿಯ ಕಾರ್ಖಾನೆಯಲ್ಲಿ ಆಗಿದ್ದುದೂ ಇದೇ.

ಈಗ ಅಲ್ಯೂಮಿನಿಯಮಿಗೆ ಬರೋಣ. ಈ ಲೋಹವು ಗಾಳಿಗೆ ಒಡ್ಡಿದೊಡನೆ ತನ್ನ ಮೇಲೆ ಅತಿ ತೆಳುವಾದ ಆಕ್ಸೈಡಿನ ಪೊರೆಯನ್ನು ತಾನೇ ಕಟ್ಟಿಕೊಳ್ಳುತ್ತದೆ. ಅಡುಗೆಮನೆಯ ಪಾತ್ರೆಗೆ ಅಷ್ಟು ರಕ್ಷಣೆ ಸಾಕು. ವಿಮಾನಕ್ಕೆ ಸಾಲದು. ೧೯೦೬ರಲ್ಲಿ ಜರ್ಮನಿಯ ಆಲ್ಫ್ರೆಡ್ ವಿಲ್ಮ್ ಎಂಬಾತನು ತಾಮ್ರ ಬೆರೆತ ಅಲ್ಯೂಮಿನಿಯಂ ಮಿಶ್ರಲೋಹವು ಕಾಯಿಸಿ ತಣಿಸಿದ ಮೇಲೆ ದಿನಗಳೆದಂತೆ ತಾನಾಗಿಯೇ ಗಡುಸಾಗುವುದನ್ನು ಕಂಡನು. ವಿಮಾನದ ಮೈ ಲೋಹದ್ದಾಗಲು ಸಾಧ್ಯವಾದದ್ದು ಅಲ್ಲಿಂದ. ಆದರೆ ಬಿದರಿಯಲ್ಲಿ ಉಪಕಾರಿಯಾದ ತಾಮ್ರವು ಇಲ್ಲಿ ಒಳಶತ್ರು. ತಾಮ್ರ ಹೆಚ್ಚಿರುವ ಕಣಗಳ ಸುತ್ತ, ತೇವ ಮತ್ತು ಉಪ್ಪು ಸೇರಿದೊಡನೆ, ಅಲ್ಯೂಮಿನಿಯಂ ಕರಗಿ ಸಣ್ಣ ಕುಳಿಗಳಾಗುತ್ತವೆ. ಕುಳಿ ಚಿಕ್ಕದು, ಆದರೆ ಹಾರಾಟದಲ್ಲಿ ಮತ್ತೆ ಮತ್ತೆ ಎಳೆತಕ್ಕೆ ಒಳಗಾಗುವ ಭಾಗದಲ್ಲಿ ಬಿರುಕು ಮೊದಲಾಗುವುದು ಇಂತಹ ಕುಳಿಯಿಂದಲೇ.

ಆದುದರಿಂದ ಇಂತಹ ಭಾಗಗಳನ್ನು ಕ್ರೋಮಿಯಂ ಲವಣಗಳ ಆಮ್ಲದ್ರಾವಣದಲ್ಲಿ ಕೆಲವು ನಿಮಿಷ ಮುಳುಗಿಸುತ್ತಾರೆ. ಮೇಲ್ಮೈ ಕರಗಿ, ಕ್ರೋಮಿಯಮಿನ ಸಂಯುಕ್ತಗಳೊಡನೆ ಕೂಡಿ, ಹೊಂಬಣ್ಣದ ತೆಳುಪೊರೆಯಾಗಿ ನಿಲ್ಲುತ್ತದೆ. ಕಾರ್ಖಾನೆಗಳಲ್ಲಿ ಇದನ್ನು ‘ಅಲೋಡೈನ್’ ಎಂಬ ವ್ಯಾಪಾರದ ಹೆಸರಿನಿಂದಲೇ ಕರೆಯುವ ರೂಢಿಯುಂಟು. ಹೊಸದಾಗಿ ಬಂದ ಪೊರೆ ಮೃದು. ಒಣಗಿ ಗಟ್ಟಿಯಾಗಲು ಒಂದು ದಿನವಾದರೂ ಬೇಕು. ೬೦ ಡಿಗ್ರಿ ಸೆಂಟಿಗ್ರೇಡಿಗಿಂತ ಹೆಚ್ಚು ಬಿಸಿಯಾದರೆ ಅದರ ರಕ್ಷಣಶಕ್ತಿ ಕುಗ್ಗುತ್ತದೆ. ಷಡ್ವೇಲೆಯ ಕ್ರೋಮಿಯಂ ಉಳ್ಳ ಪೊರೆಗೆ ಒಂದು ವಿಶೇಷ ಗುಣವಿದೆ. ಸಣ್ಣ ಗೀರು ಬಿದ್ದರೆ ಪೊರೆಯಲ್ಲಿ ಉಳಿದಿದ್ದ ಕ್ರೋಮಿಯಂ ತೇವದಲ್ಲಿ ಕರಗಿ ಗೀರಿನತ್ತ ಹರಿದು ಅದನ್ನು ಮುಚ್ಚುತ್ತದೆ. ದೊಡ್ಡ ಗೀರಿಗೆ ಈ ಉಪಾಯ ಸಾಗದು. ಆಗ ಮನುಷ್ಯನೇ ತೇಪೆ ಹಚ್ಚಬೇಕು.

ಈ ಕೆಲಸಕ್ಕೆ ಲೋಕದ ಬಹುಭಾಗದಲ್ಲಿ ಅನುಸರಿಸುವ ನಿಯಮವು ಅಮೆರಿಕದ ಸೇನಾ ನಿರ್ದೇಶ ಎಂ.ಐ.ಎಲ್.-ಡಿ.ಟಿ.ಎಲ್.-೫೫೪೧. ಲೇಪದ ದ್ರವ್ಯಕ್ಕೆ ಪ್ರತ್ಯೇಕವಾಗಿ ೮೧೭೦೬ ಎಂಬ ಸಂಖ್ಯೆಯ ನಿರ್ದೇಶವಿದೆ. ಇವುಗಳಲ್ಲಿ ಷಡ್ವೇಲೆಯ ಕ್ರೋಮಿಯಂ ಉಳ್ಳ ಲೇಪವು ಮೊದಲನೆಯ ಮಾದರಿ, ಅದಿಲ್ಲದ್ದು ಎರಡನೆಯ ಮಾದರಿ. ಕೊರೆತದಿಂದ ಗರಿಷ್ಠ ರಕ್ಷಣೆ ಬೇಕಾದುದಕ್ಕೆ ‘೧ಎ’ ವರ್ಗ. ವಿದ್ಯುತ್ತು ಸರಾಗವಾಗಿ ಹರಿಯಬೇಕಾದ ಭಾಗಗಳಿಗೆ ‘೩’ನೆಯ ವರ್ಗ.

ಮುಖ್ಯ ಪರೀಕ್ಷೆ ಉಪ್ಪಿನ ಮಂಜಿನದು. ೧೯೧೪ರಲ್ಲಿ ಜೆ. ಎ. ಕ್ಯಾಪ್ ಎಂಬಾತನು ಇದನ್ನು ಸೂಚಿಸಿದನು, ೧೯೩೯ರಲ್ಲಿ ಎ.ಎಸ್.ಟಿ.ಎಂ. ಸಂಸ್ಥೆಯು ಬಿ ೧೧೭ ಎಂಬ ಸಂಖ್ಯೆಯಲ್ಲಿ ಕ್ರಮವನ್ನು ನಿಗದಿಗೊಳಿಸಿತು. ಮುಚ್ಚಿದ ಪೆಟ್ಟಿಗೆಯೊಂದರಲ್ಲಿ ನೂರಕ್ಕೆ ೫ರಷ್ಟು ಉಪ್ಪು ಕರಗಿಸಿದ ನೀರನ್ನು ೩೫ ಡಿಗ್ರಿ ಸೆಂಟಿಗ್ರೇಡಿನಲ್ಲಿ ಮಂಜಾಗಿ ಹರಡುತ್ತಾರೆ. ೮೦ ಚದರ ಸೆಂಟಿಮೀಟರ್ ಜಾಗದಲ್ಲಿ ಗಂಟೆಗೆ ೧ರಿಂದ ೨ ಮಿಲಿಲೀಟರ್ ಇಳಿಯುವಷ್ಟು ಮಂಜು ಇರಬೇಕು. ವಿಮಾನದ ಲೇಪಕ್ಕೆ ನಿಗದಿಯಾದ ಅವಧಿ ೧೬೮ ಗಂಟೆ, ಎಂದರೆ ಸರಿಯಾಗಿ ಏಳು ಹಗಲು ಏಳು ರಾತ್ರಿ. ೩ ಅಂಗುಲ ಅಗಲ ೧೦ ಅಂಗುಲ ಉದ್ದದ ೫ ತಗಡುಗಳನ್ನು ಹೀಗೆ ನಿಲ್ಲಿಸಿ, ಕೊನೆಯಲ್ಲಿ ತೊಳೆದು, ಕುಳಿಗಳನ್ನು ಎಣಿಸುತ್ತಾರೆ. ಒಂದು ತಗಡಿನಲ್ಲಿ ೫ಕ್ಕಿಂತ ಹೆಚ್ಚು, ಐದೂ ಸೇರಿ ೧೫ಕ್ಕಿಂತ ಹೆಚ್ಚು ಚುಕ್ಕೆಗಳು ಕಂಡರೆ ಪರೀಕ್ಷೆ ಬಿದ್ದಂತೆ. ಒಂದು ಚುಕ್ಕೆಯೂ ಅಂಗುಲದ ೩೨ನೆಯ ಒಂದು ಭಾಗವನ್ನು ಮೀರಬಾರದು. ಅಂಚಿನ ಕಾಲಂಗುಲವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಇದಲ್ಲದೆ ಬಣ್ಣದ ಹಿಡಿತದ ಪರೀಕ್ಷೆಯೊಂದಿದೆ: ಲೇಪದ ಮೇಲೆ ಬಣ್ಣ ಹಚ್ಚಿ, ಒಂದು ದಿನ ಶುದ್ಧ ನೀರಿನಲ್ಲಿಟ್ಟು, ಗೀರೆಳೆದು, ಅಂಟುಪಟ್ಟಿಯನ್ನು ಅಂಟಿಸಿ ಕಿತ್ತಾಗ ಬಣ್ಣವು ಲೋಹವನ್ನು ಬಿಟ್ಟು ಬರಬಾರದು.

ಬೀದರಿನಲ್ಲಿ ಸಮುದ್ರವಿಲ್ಲವಲ್ಲ, ಉಪ್ಪಿನ ಮಂಜೇಕೆ ಎಂದು ವಿದ್ಯಾರ್ಥಿಯೊಬ್ಬಳು ತರಗತಿಯಲ್ಲಿ ಕೇಳಿದಳು. ಪ್ರಶ್ನೆ ಸರಿಯಾದುದೇ. ೧೬೮ ಗಂಟೆ ತಡೆದ ಲೇಪವು ಆಕಾಶದಲ್ಲಿ ಇಂತಿಷ್ಟು ವರ್ಷ ಬಾಳುತ್ತದೆಂದು ಯಾರೂ ಹೇಳಲಾರರು. ಹಾಗೆ ಹೇಳುವುದು ಪರೀಕ್ಷೆಯ ಉದ್ದೇಶವೂ ಅಲ್ಲ. ತೊಳೆಯುವುದು, ಆಮ್ಲದ ಹದ, ಮುಳುಗಿಸುವ ಕಾಲ, ಇವುಗಳಲ್ಲಿ ಯಾವುದಾದರೊಂದು ಕೆಟ್ಟಿದ್ದರೆ ಅದನ್ನು ಬೇಗ ಹೊರಗೆಡಹುವುದಷ್ಟೇ ಅದರ ಕೆಲಸ. ಪ್ರತಿ ಭಾಗವನ್ನೂ ಹೀಗೆ ಪರೀಕ್ಷಿಸಿದರೆ ಹಾರಲು ಯಾವ ಭಾಗವೂ ಉಳಿಯುವುದಿಲ್ಲ. ಆದಕಾರಣ ತಿಂಗಳಿಗೊಮ್ಮೆಯಾದರೂ ಮಾದರಿ ತಗಡುಗಳನ್ನು ಭಾಗಗಳು ಹೋಗುವ ದಾರಿಯಲ್ಲಿಯೇ ಕಳುಹಿಸಿ, ಅವುಗಳಿಂದ ಸಾಕ್ಷ್ಯವನ್ನು ಪಡೆಯುತ್ತಾರೆ. ಭಾಗವು ತಾನಾಗಿ ಮಾತನಾಡುವುದಿಲ್ಲ, ತಗಡು ಅದರ ಪರವಾಗಿ ಮಾತನಾಡುತ್ತದೆ.

ತೇಪೆಯ ವಿಷಯದಲ್ಲಿ ಕಷ್ಟ ಮೊದಲಾಗುವುದು ಇಲ್ಲಿಯೇ. ನಿರ್ದೇಶವು ತೇಪೆಯನ್ನು ಒಪ್ಪುತ್ತದೆ: ಭಾಗಕ್ಕೆ ಧಕ್ಕೆಯಾಗದೆ ಲೇಪ ಮಾತ್ರ ಕಿತ್ತುಹೋಗಿದ್ದಲ್ಲಿ, ಮಾನ್ಯತೆ ಪಡೆದ ದ್ರವ್ಯದಿಂದ ಆ ಜಾಗವನ್ನು ಮತ್ತೆ ಲೇಪಿಸಬಹುದು, ಆದರೆ ಹೀಗೆ ಮುಚ್ಚಿದ ಜಾಗವು ಭಾಗದ ಒಟ್ಟು ಮೈಯ ನೂರಕ್ಕೆ ೫ನ್ನು ಮೀರಕೂಡದು. ಉಜ್ಜಲು ಕಬ್ಬಿಣದ ನಾರನ್ನು ಬಳಸಕೂಡದು. ಅದರ ಕಣಗಳು ಅಲ್ಯೂಮಿನಿಯಮಿನಲ್ಲಿ ನಾಟಿಕೊಂಡು ಕೊರೆತಕ್ಕೆ ಬೀಜವಾಗುತ್ತವೆ. ಉಜ್ಜಿದ ಜಾಗದ ಮೇಲೆ ನೀರು ಹನಿಹನಿಯಾಗಿ ಒಡೆಯದೆ ಪೊರೆಯಂತೆ ಹರಡಿದರೆ ಜಿಡ್ಡು ಹೋಗಿದೆಯೆಂದು ತಿಳಿಯಬೇಕು. ದ್ರವ್ಯವನ್ನು ಕುಂಚದಿಂದಲೋ ಲೇಖನಿಯಂತಹ ಸಾಧನದಿಂದಲೋ ಹಚ್ಚಿ, ಕೆಲವು ನಿಮಿಷ ಒಣಗಲು ಬಿಡದೆ ತೇವವಾಗಿಯೇ ಇರಿಸಬೇಕು.

ಮುಳುಗಿಸುವ ತೊಟ್ಟಿಗೂ ಕೈಯ ಕುಂಚಕ್ಕೂ ಇರುವ ಅಂತರವನ್ನು ನೋಡಿರಿ. ತೊಟ್ಟಿಯಲ್ಲಿ ದ್ರಾವಣದ ಹದವನ್ನು ಅಳೆಯಬಹುದು, ಕಾಲವನ್ನು ಗಡಿಯಾರದಿಂದ ಹಿಡಿಯಬಹುದು. ಕುಂಚದಲ್ಲಿ ಎಲ್ಲವೂ ಕೈಯ ಮೇಲೆ ನಿಂತಿದೆ. ದ್ರವ್ಯದ ಮಾನ್ಯತೆಯನ್ನು ನಿರ್ಣಯಿಸುವವರೂ ಸಿಂಪಡಿಸುವುದು, ಕುಂಚದಿಂದ ಹಚ್ಚುವುದು, ಮುಳುಗಿಸುವುದು ಎಂಬ ವಿಧಾನಗಳನ್ನು ಒಂದೇ ಎಂದು ಎಣಿಸದೆ ಬೇರೆ ಬೇರೆಯಾಗಿ ಪರೀಕ್ಷಿಸುತ್ತಾರೆ. ಹೀಗಿರಲಾಗಿ, ತೊಟ್ಟಿಯಲ್ಲಿ ಅದ್ದಿದ ತಗಡು ೧೬೮ ಗಂಟೆ ತಡೆಯಿತೆಂಬುದು ತೊಟ್ಟಿಗೆ ಸಾಕ್ಷಿ, ಕುಂಚಕ್ಕೆ ಅಲ್ಲ. ಸೀಸೆಯ ಮೇಲಿನ ಮಾನ್ಯತೆಯ ಚೀಟಿಯು ದ್ರವ್ಯಕ್ಕೆ ಸಾಕ್ಷಿ. ಹಚ್ಚಿದವನ ಕೈಗೆ ಅಲ್ಲ. ತೇಪೆಗೆ ಪ್ರತ್ಯೇಕ ತಗಡುಗಳನ್ನು ಎಷ್ಟು ಕಾಲಕ್ಕೊಮ್ಮೆ ಮಾಡಬೇಕೆಂಬುದು ಗ್ರಾಹಕರ ಒಪ್ಪಂದಪತ್ರದಲ್ಲಿ ನಿರ್ಣಯವಾಗತಕ್ಕ ಸಂಗತಿ. ಅಲ್ಲಿ ಏನೂ ಬರೆದಿಲ್ಲದಿದ್ದರೂ ತಗಡನ್ನು ಮಾಡಿಯೇ ತೀರಬೇಕೆಂಬುದು ನನ್ನ ಅಭಿಪ್ರಾಯ. ಬರೆದಿಲ್ಲವೆಂಬ ಕಾರಣಕ್ಕೆ ಬೇಕಿಲ್ಲವೆಂದು ಓದುವುದು ವಕೀಲನ ಓದು, ಪರೀಕ್ಷಕನದಲ್ಲ.

ಶಾಸನಗಳನ್ನು ಓದುವವರಿಗೆ ಈ ವಿವೇಕ ಹೊಸದಲ್ಲ. ಕಲ್ಯಾಣದ ಅರಸರ ಶಾಸನಗಳಲ್ಲಿ ಕಲ್ಲು ಚಕ್ಕೆಯೆದ್ದು ಅಕ್ಷರಗಳು ಹೋದೆಡೆ, ಸಂಪಾದಕನು ಸಂದರ್ಭದಿಂದ ಊಹಿಸಿ ತುಂಬುತ್ತಾನೆ. ಆದರೆ ತುಂಬಿದ ಅಕ್ಷರಗಳನ್ನು ಚೌಕ ಆವರಣದೊಳಗೆ ಇಡುತ್ತಾನೆ. ಕಲ್ಲು ಹೇಳಿದುದೆಷ್ಟು, ತಾನು ಸೇರಿಸಿದುದೆಷ್ಟು ಎಂಬುದು ಓದುಗನಿಗೆ ತಿಳಿಯಬೇಕು. ಒಂದೆರಡು ಅಕ್ಷರಗಳನ್ನು ತುಂಬಿದರೆ ಅದು ಪಾಠ. ಅರ್ಧ ಶಾಸನವನ್ನು ತುಂಬಿದರೆ ಅದು ಸಂಪಾದಕನ ಕಾವ್ಯ. ನೂರಕ್ಕೆ ೫ ಎಂಬ ಮಿತಿಯ ಹಿಂದೆಯೂ ಇಂತಹದೇ ಎಚ್ಚರವಿದೆಯೆಂದು ನನಗೆ ತೋರುತ್ತದೆ. ತೇಪೆ ಎಲ್ಲಿದೆ, ಎಷ್ಟಿದೆ, ಯಾರು, ಯಾವ ದಿನ, ಯಾವ ಸೀಸೆಯಿಂದ ಹಚ್ಚಿದರು ಎಂಬ ದಾಖಲೆಯೇ ಇಲ್ಲಿಯ ಚೌಕ ಆವರಣ.

ಈ ದಾಖಲೆಯ ಅಗತ್ಯವು ಇತ್ತೀಚೆಗೆ ಹೆಚ್ಚಿದೆ. ಷಡ್ವೇಲೆಯ ಕ್ರೋಮಿಯಂ ಕ್ಯಾನ್ಸರಿಗೆ ಕಾರಣವೆಂಬುದು ಸಿದ್ಧವಾದ ಸಂಗತಿ. ಯೂರೋಪಿನ ಒಕ್ಕೂಟವು ೨೦೧೭ರ ಸೆಪ್ಟೆಂಬರ್ ನಂತರ ವಿಶೇಷ ಅನುಮತಿಯಿಲ್ಲದೆ ಕ್ರೋಮಿಯಂ ಟ್ರೈಆಕ್ಸೈಡಿನ ಬಳಕೆಯನ್ನು ನಿಷೇಧಿಸಿತು. ತೊಟ್ಟಿಯ ಬಳಿ ನಿಲ್ಲುವವನಿಗಿಂತ, ಕುಂಚ ಹಿಡಿದು ಭಾಗದ ಮೇಲೆ ಬಗ್ಗುವವನ ಮೂಗು ಬಾಯಿಗಳು ದ್ರವ್ಯಕ್ಕೆ ಹೆಚ್ಚು ಹತ್ತಿರ. ಒರೆಸಿದ ಬಟ್ಟೆಯನ್ನು ತೊಳೆಯದೆ ಒಣಗಲು ಬಿಟ್ಟರೆ ಅದು ಹೊತ್ತಿಕೊಳ್ಳಲೂಬಹುದು. ಆದುದರಿಂದ ತ್ರಿವೇಲೆಯ ಕ್ರೋಮಿಯಮಿನ ಎರಡನೆಯ ಮಾದರಿಗೆ ಹೊರಳುವುದು ಕಾರ್ಮಿಕನ ದೃಷ್ಟಿಯಿಂದ ಒಳ್ಳೆಯದೇ. ಅದರಿಂದ ಪರೀಕ್ಷಕನಿಗೆ ಒಂದು ನಷ್ಟವುಂಟು: ಈ ಲೇಪಕ್ಕೆ ಬಹುಮಟ್ಟಿಗೆ ಬಣ್ಣವಿಲ್ಲ. ಹೊಂಬಣ್ಣವು ಹಿಡಿಯದ ಜಾಗವನ್ನು ಕಣ್ಣು ಕೂಡಲೇ ಗುರುತಿಸುತ್ತಿತ್ತು. ಬಣ್ಣವಿಲ್ಲದ ತೇಪೆ ಹಿಡಿದಿದೆಯೋ ಇಲ್ಲವೋ ಎಂದು ಬರಿಗಣ್ಣು ಹೇಳುವುದು ಕಷ್ಟ. ಬಿದರಿಯವನಿಗೆ ಈ ಸಂಕಟವಿಲ್ಲ, ಅವನ ಲೇಪವು ಹಿಡಿಯದಿದ್ದರೆ ಅದನ್ನು ಮಕ್ಕಳೂ ಕಾಣುತ್ತಾರೆ.

ಜಾತ್ರೆ ಮುಗಿಸಿ ಹೋದ ನನ್ನ ವಿದ್ಯಾರ್ಥಿಯು ತನ್ನ ಮೇಲಧಿಕಾರಿಯನ್ನು ಒಪ್ಪಿಸಿ ಹತ್ತು ತಗಡುಗಳನ್ನು ಮಾಡಿಸಿದನು. ಮೊದಲು ತೊಟ್ಟಿಯಲ್ಲಿ ಲೇಪಿಸಿ, ನಡುವೆ ಬೇಕೆಂದೇ ಗೀರಿ, ತೇಪೆಯ ಕೆಲಸ ಮಾಡುವ ಇಬ್ಬರಿಂದ ತಲಾ ಐದರ ಮೇಲೆ ಕುಂಚದಿಂದ ಹಚ್ಚಿಸಿ, ಒಂದು ದಿನ ಒಣಗಿಸಿ, ಮಂಜಿನ ಪೆಟ್ಟಿಗೆಯಲ್ಲಿಟ್ಟರು. ಏಳನೆಯ ದಿನ ತೆಗೆದಾಗ ಒಬ್ಬನ ಐದೂ ತಗಡುಗಳು ನಿರ್ಮಲವಾಗಿದ್ದವು. ಇನ್ನೊಬ್ಬನ ಮೂರರಲ್ಲಿ ತೇಪೆಯ ಅಂಚಿನುದ್ದಕ್ಕೂ ಬಿಳಿಯ ಹುಡಿ ಎದ್ದಿತ್ತು. ವಿಚಾರಿಸಲಾಗಿ, ಆತನು ದ್ರವ್ಯವನ್ನು ಒಮ್ಮೆ ಹಚ್ಚಿ, ತೇವ ಉಳಿಸದೆ, ಅಲ್ಲಿಯೇ ಒಣಗಲು ಬಿಡುತ್ತಿದ್ದನೆಂದು ತಿಳಿಯಿತು; ಹಾಗೆ ಮಾಡಬಾರದೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಅದೇ ತಿಂಗಳಿನ ತೊಟ್ಟಿಯ ತಗಡುಗಳಲ್ಲಿ ಒಂದು ಚುಕ್ಕೆಯೂ ಇರಲಿಲ್ಲ. ಹಿಂದಿನ ತಿಂಗಳುಗಳಲ್ಲಿ ಆತನ ಕೈಯಿಂದ ತೇಪೆ ಕಂಡ ಭಾಗಗಳನ್ನು ಹುಡುಕಿ ಹಿಂದಕ್ಕೆ ತರಿಸಬೇಕೆಂದು ಪುಸ್ತಕವನ್ನು ತೆರೆದು ನೋಡಿದರು. ಅದರಲ್ಲಿ ಭಾಗದ ಸಂಖ್ಯೆಯಿತ್ತು, ತಾರೀಖಿತ್ತು, ನನ್ನ ವಿದ್ಯಾರ್ಥಿಯ ಸಹಿಯಿತ್ತು. ಹಚ್ಚಿದವರು ಯಾರೆಂಬುದಕ್ಕೆ ಅಂಕಣವೇ ಇರಲಿಲ್ಲ. ಆದಕಾರಣ ಇಬ್ಬರ ತೇಪೆಗಳನ್ನೂ ಸೇರಿಸಿ ಎಲ್ಲ ಭಾಗಗಳನ್ನೂ ಹಿಂದಕ್ಕೆ ಕರೆಸುವ ಪತ್ರವನ್ನು ಅವನು ಬರೆಯಬೇಕಾಯಿತು. ಅದರ ಕರಡನ್ನು ತಿದ್ದಿಕೊಡಲು ನನಗೆ ಕಳುಹಿಸಿದ್ದನು.